ಕೆರೆ ಏರಿಯ ಮೇಲಿನ ಅಕ್ಕ

ಪಕ್ಕದ ಮನೆಯವರು ತಾರಸಿಯ ಮೇಲೆ ಒಂದು ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದಾರೆ. ಅದಕ್ಕೆ ಬೂಜು ಹಿಡಿದಿತ್ತಂತೆ. ಯಾರೋ ಹಳಬರ ಮಾತು ಕೇಳಿ ಹೋದ ವಾರ ಬೆಳಿಗ್ಗೆ ಮೈಲುತುತ್ತಕ್ಕೆ ಸುಣ್ಣ ಕಲಸಿ ಸಿಂಪಡಿಸಿದರು. ನಾನು ಕಾಫಿಗೆ ಹಾಲಿಟ್ಟು ನಿಂತಿದ್ದೆ. ಕಿಟಕಿಯಿಂದ ಆ ವಾಸನೆ ಒಳಗೆ ಬಂತು... ಒದ್ದೆ ಸುಣ್ಣದ್ದು, ತಾಮ್ರದ್ದು, ಹಸಿ ಎಲೆಯದ್ದು. ಹಾಲು ಉಕ್ಕಿ ಚೆಲ್ಲಿದ್ದೂ ತಿಳಿಯಲಿಲ್ಲ. ಆವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಓದಲು ಪೇಪರ್ ಹಿಡಿದರೆ ಎರಡು ಸಾಲಿಗೇ ಎದ್ದುಬಿಡುತ್ತೇನೆ. ಸೊಸೆ ಕೇಳಿದಳು, “ಏನತ್ತೆ, ಬೆಳಿಗ್ಗೆಯಿಂದ ಒಳಗೂ ಹೊರಗೂ ಓಡಾಡ್ತಾನೇ ಇದೀರಲ್ಲ?” ಏನೆಂದು ಹೇಳಲಿ? ನನಗೂ ಮೊದಲು ಹೀಗೆ ಓಡಾಡುತ್ತಿದ್ದವಳೊಬ್ಬಳಿದ್ದಳು. ಅವಳ ಸೀರೆಗೆ ಇದೇ ವಾಸನೆ ಇತ್ತು.

ಐವತ್ತರ ದಶಕದ ಕೊನೆಯ ವರ್ಷಗಳು. ಅಪ್ಪನಿಗೆ ಪಶು ಇಲಾಖೆಯಲ್ಲಿ ಗುಮಾಸ್ತೆ ಕೆಲಸ, ಹಾಗಾಗಿ ನಾವು ಹೆಬ್ಬಾಳದಲ್ಲಿದ್ದೆವು. ಆಗ ಅದು ಹಳ್ಳಿಯೇ. ಕೆರೆ, ಕೆರೆಯ ಕೆಳಗೆ ಗದ್ದೆ, ಮೇಲಕ್ಕೆ ರಾಗಿ ಹೊಲ, ನಡುವೆ ಅಲ್ಲೊಂದು ಇಲ್ಲೊಂದು ದ್ರಾಕ್ಷಿ ತೋಟ. ಅಂಥ ಒಂದು ತೋಟದ ಮನೆಯವರು ತಮ್ಮ ಮನೆಯ ಒಂದು ಭಾಗವನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಅಂಗಳ ಒಂದೇ, ಬಚ್ಚಲು ಬೇರೆ. ಆ ಮನೆಯ ಹಿರಿಯ ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಇಪ್ಪತ್ತೈದರ ಆಸುಪಾಸಿನವಳು, ನಾಲ್ಕು ಮಕ್ಕಳ ತಾಯಿ. ನನಗೆ ಹದಿನಾಲ್ಕು. ಮೈನೆರೆದ ಮೇಲೆ ನನ್ನ ಶಾಲೆ ಬಿಡಿಸಿದ್ದರು. ಅಕ್ಕನ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಹೊತ್ತು ಕಳೆಯುತ್ತಿದ್ದೆ.

ಅವಳ ಅತ್ತೆಯನ್ನು ಊರೆಲ್ಲ ಕೈ ಮುಗಿದು ಮಾತಾಡಿಸುತ್ತಿತ್ತು. ಗಂಡ ಸತ್ತಾಗ ಆ ಅಜ್ಜಿಯ ಮಡಿಲಲ್ಲಿ ಮೊಲೆಗೂಸು, ಸುತ್ತ ಇನ್ನೂ ಚಿಕ್ಕಚಿಕ್ಕವು. ಹಗಲು ತೋಟದಲ್ಲಿ ದುಡಿದು, ಬೆಳಗಿನ ಜಾವ ರಾಗಿ ಬೀಸಿ, ಮಕ್ಕಳು ಉಂಡು ಮಿಕ್ಕಿದ್ದನ್ನಷ್ಟೇ ಉಂಡು ಅವರನ್ನು ದೊಡ್ಡವರು ಮಾಡಿದಳಂತೆ. ನಾನು ಶಾಲೆಗೆ ಹೋಗುತ್ತಿದ್ದಾಗ ಮೇಷ್ಟರು ‘ತಾಯಿಯ ಪ್ರೀತಿ’ ಎಂದು ಪ್ರಬಂಧ ಬರೆಸಿದ್ದರು. “ಪುಸ್ತಕ ನೋಡ್ಬೇಡಿ, ದ್ರಾಕ್ಷಿ ತೋಟದ ಅಜ್ಜಿನ ನೋಡಿ ಬರೀರಿ” ಅಂದಿದ್ದರು. ನಾವೆಲ್ಲ ಹಾಗೇ ಬರೆದೆವು. ಆ ತಾಯಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಕೋಪವಿಲ್ಲ...

ಅಕ್ಕನಿಗೆ ಅದೆಲ್ಲವೂ ಇತ್ತು. ಜೊತೆಗೆ ಇನ್ನೊಂದಿತ್ತು, ಅದನ್ನು ಊರು ಏನೆಂದು ಕರೆಯಬೇಕೋ ತಿಳಿಯದೆ ಒದ್ದಾಡುತ್ತಿತ್ತು. ಸಂಜೆ ಹಿಟ್ಟಿನ ಎಸರಿಡುವ ಮೊದಲು ಅವಳು ಹಿತ್ತಾಳೆ ಕೊಡ ಸೊಂಟಕ್ಕಿಟ್ಟುಕೊಂಡು ಮನೆಯಿಂದ ಹೊರಡುತ್ತಿದ್ದಳು. ಅಂಗಳದ ಬಾವಿಯದು ಉಪ್ಪುನೀರು. ಸಿಹಿನೀರಿನ ಬಾವಿ ಕೆರೆ ಏರಿಯ ಆಚೆ ತುದಿಯಲ್ಲಿತ್ತು. ಅಕ್ಕ ಏರಿ ಹತ್ತಿ, ಆ ಬಾವಿಯನ್ನೂ ದಾಟಿ, ಕೆಂಪಾಪುರದ ದಾರಿ ಹಿಡಿದು ಬೀಸುಗಾಲಲ್ಲಿ ನಡೆಯುತ್ತಿದ್ದಳು. ಎಲ್ಲಿಗೂ ಅಲ್ಲ. ಕತ್ತಲಾಗುವ ಹೊತ್ತಿಗೆ ಹಿಂದೆ ಬರುತ್ತಿದ್ದಳು. ಕೊಡ ಹೋದಂತೆಯೇ ಖಾಲಿ. ಸಿಹಿನೀರನ್ನು ಬೆಳಿಗ್ಗೆಯೇ ತಂದಿಟ್ಟಿರುತ್ತಿದ್ದಳು. ಬರಿಗೈಲಿ ಹೊರಟ ಹೆಂಗಸನ್ನು ಹತ್ತು ಜನ ತಡೆದು ಕೇಳುತ್ತಾರೆ, ಕೊಡವಿದ್ದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಕೊಡ.

ಊರಿನ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದವನೆಂದರೆ ಅವಳ ಗಂಡನೊಬ್ಬನೇ. ನನ್ನ ಅಮ್ಮ ಕೂಡ ಸೊಪ್ಪು ಬಿಡಿಸುತ್ತ, “ನಾಲ್ಕು ಮಕ್ಕಳ ತಾಯಿ, ಹೀಗೆ ಏರಿ ಮೇಲೆ ಒಬ್ಬಳೇ ತಿರುಗೋದು ಅಂದ್ರೆ... ಆ ಅಜ್ಜಿಯ ಸೊಸೆ ಆಗಿ” ಎಂದು ಮಾತು ನುಂಗುತ್ತಿದ್ದಳು.

ಒಂದು ಸಲ ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಅವಳ ನಡಿಗೆಗೆ ಸಮನಾಗಿ ನಾನು ಓಡಬೇಕಾಯಿತು. ಕೆರೆಯ ಮೇಲಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಬಳ್ಳಾರಿ ರಸ್ತೆಯಲ್ಲಿ ಒಂದು ಲಾರಿ ದೀಪ ಹೊತ್ತಿಸಿಕೊಂಡು ಯಲಹಂಕದ ಕಡೆಗೆ ಹೋಯಿತು. ಅದು ಕಣ್ಮರೆಯಾಗುವವರೆಗೂ ಅವಳು ನಿಂತು ನೋಡಿದಳು.

“ಎಲ್ಲಿಗೆ ಹೋಗ್ತಿದೀವಿ ಅಕ್ಕ?”

“ಎಲ್ಲಿಗೂ ಇಲ್ಲ ಕಣೆ. ಸುಮ್ಕೆ.” ಸ್ವಲ್ಪ ದೂರ ಹೋದ ಮೇಲೆ ತಾನೇ ಹೇಳಿದಳು. “ಮಕ್ಕಳ ಮೇಲೆ ಆಸೆ ಇಲ್ಲ ಅಂತಲ್ಲ. ಬೆಳಿಗ್ಗಿಂದ ಒಂದು ಸೆರಗು ಇಡ್ಕಂಡಿರ್ತದೆ, ಒಂದು ಕಾಲು ಇಡ್ಕಂಡಿರ್ತದೆ. ಸಂಜೆ ಆಗೋ ಅಷ್ಟೊತ್ಗೆ ನನ್ನ ಕೈಕಾಲು ನನ್ನವೇ ಅಂತ ಗೊತ್ತೇ ಆಗಾಕಿಲ್ಲ. ಇಲ್ಲಿ ಬಂದು ನಾಕೆಜ್ಜೆ ಆಕಿದ್ರೆ ಮತ್ತೆ ನನ್ನವಾಯ್ತವೆ. ಆಮೇಲೆ ಓಗಿ ಅವನ್ನ ಎತ್ಕಳ್ಳಾಕೆ ಚೆನ್ನಾಗಿರ್ತದೆ.”

ಅವಳು ಅದನ್ನು ಗುಟ್ಟಿನಂತೆ ಹೇಳಲಿಲ್ಲ. ಉಪ್ಪು ಕಮ್ಮಿಯಾಗಿದೆ ಎಂದು ಹೇಳುವ ಹಾಗೆ ಹೇಳಿದಳು.

ಆ ಮಾಗಿಯಲ್ಲೇ ಅದು ನಡೆದದ್ದು. ಅಕ್ಕ ಏರಿಗೆ ಹೋಗಿದ್ದಳು. ಅಜ್ಜಿ ಮಕ್ಕಳಿಗೆ ಮೈ ತೊಳೆಯಲೆಂದು ಒಲೆಯಿಂದ ಕುದಿನೀರಿನ ಪಾತ್ರೆ ಇಳಿಸಿಟ್ಟು, ತಣ್ಣೀರು ಬೆರೆಸುವ ಮೊದಲು ಒಂದು ಗಳಿಗೆ ಗೋಡೆಗೊರಗಿ ಕೂತಿದ್ದಾಳೆ. ಕಣ್ಣೆಳೆದಿದೆ. ಮೂರು ವರ್ಷದ ಹೆಣ್ಣುಮಗು ಪಾತ್ರೆಯ ಅಂಚು ಹಿಡಿದು ಜಗ್ಗಿದೆ. ಚೀರಾಟ ಕೇಳಿ ನಾನು ಅಂಗಳ ದಾಟಿ ಓಡಿದಾಗ ಅಜ್ಜಿ ಇನ್ನೂ ನಿದ್ದೆಯಿಂದ ಏಳುತ್ತಿದ್ದಳು. ಮಗುವಿನ ಎಡಗಾಲು ತೊಡೆಯಿಂದ ಪಾದದವರೆಗೂ ಬೆಂದಿತ್ತು. ನನ್ನ ಅಮ್ಮ ಬಾಳೆ ಎಲೆಗೆ ಎಣ್ಣೆ ಸವರಿ ಕಾಲಿಗೆ ಸುತ್ತಿದಳು. ಅಪ್ಪ ಓಡಿಹೋಗಿ ಜಟಕಾ ತಂದರು.

ಅಕ್ಕ ಬಂದಾಗ ಅಂಗಳದ ತುಂಬ ಜನ. ಎಲ್ಲರೂ ಸರಿದು ದಾರಿ ಬಿಟ್ಟರು. ಅವಳ ಗಂಡ ಮಗುವನ್ನು ಜಟಕಾದಲ್ಲಿ ನನ್ನ ಅಪ್ಪನ ತೊಡೆಯ ಮೇಲೆ ಮಲಗಿಸಿ ತಿರುಗಿದ. ಇಷ್ಟು ವರ್ಷದಲ್ಲಿ ಅವನು ಅವಳ ಮೇಲೆ ಕೈ ಮಾಡಿದ್ದನ್ನು ನಾವ್ಯಾರೂ ಕಂಡಿರಲಿಲ್ಲ, ಆವತ್ತೂ ಮಾಡಲಿಲ್ಲ. ಕೊಡವನ್ನಷ್ಟೇ ಕಿತ್ತುಕೊಂಡು ನೆಲಕ್ಕೆ ಬಗ್ಗಿಸಿದ. ಒಂದು ಹನಿ ನೀರು ಬೀಳಲಿಲ್ಲ.

“ನೀರಿಗೆ ಓಗಿದ್ಯಾ?” ಅಂದ.

ಅಕ್ಕ ಜಟಕಾ ಹತ್ತಲು ಹೋದಳು. ಅವನ ತಮ್ಮ ಅಡ್ಡ ನಿಂತ. ಜಟಕಾ ಅವಳನ್ನು ಬಿಟ್ಟೇ ಹೋಯಿತು. ಅವಳು ಅದರ ಹಿಂದೆ ಏರಿಯವರೆಗೂ ಓಡಿದಳು...

ಮಗು ಉಳಿಯಿತು. ಆಸ್ಪತ್ರೆಯಿಂದ ಮನೆಗೂ ಬಂತು. ಅದಾದ ಮೇಲೆ ಜಗಲಿಯ ಮೇಲೆ ಹಿರಿಯರು ಸೇರಿದರು. ಬ್ಯಾಟರಾಯನಪುರದಿಂದ ಅಕ್ಕನ ತಂದೆಯನ್ನು ಕರೆಸಿದ್ದರು. ಆತ ತಲೆ ಎತ್ತಲಿಲ್ಲ. ನಾನು ಕಿಟಕಿಯ ಸರಳು ಹಿಡಿದು ನಿಂತು ಕೇಳುತ್ತಿದ್ದೆ. ಮಾತು ಆಗಲೇ ಒಂದು ದಾರಿಗೆ ಬಂದಿತ್ತು. ಮಕ್ಕಳು ಇಲ್ಲೇ ಇರಲಿ, ಇವಳನ್ನು ತವರಿಗೆ ಕಳಿಸುವುದು. ಅವನಿಗೆ ಬೇರೆ ಹೆಣ್ಣು ನೋಡುವ ಮಾತೂ ಬಂತು.

ಆಗ ಅಜ್ಜಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. “ಅವಳು ಇರ್ಲಿಲ್ಲ, ನಾನಿದ್ದೆ. ನೀರು ಇಳಿಸ್ದೋಳು ನಾನು. ಕಣ್ಣು ಮುಚ್ದೋಳೂ ನಾನು. ನಿದ್ದೆ ಬಂದ್ಬುಡ್ತು. ಅವಳನ್ನ ಯಾಕೆ ಕಳಿಸ್ತೀರಿ?”

ನನ್ನ ಎದೆ ಹಗುರಾಯಿತು. ಇನ್ನು ಮುಗಿಯಿತು ಅಂದುಕೊಂಡೆ.

ಊರ ಹಿರಿಯನೊಬ್ಬ ಕಣ್ಣೊರೆಸಿಕೊಂಡು, “ಕೇಳುದ್ರಾ? ತಾಯಿ ಕರುಳು ಅಂದ್ರೆ ಇದು. ಸೊಸೆ ಮಾಡಿದ್ ತಪ್ಪನ್ನೂ ತನ್ನ ಮಡ್ಲಿಗೆ ಆಕ್ಕಂತಾಳೆ” ಅಂದ.

“ಇಲ್ಲ ಕಣಪ್ಪ, ನಿಜವಾಗ್ಲೂ ನಾನೇ...”

“ನೀನು ಇಂಗೇ ಅಂತೀಯ ಅಂತ ನಮ್ಗೆ ಗೊತ್ತಿಲ್ವಾ ತಾಯಿ?”

ಅಜ್ಜಿ ಮತ್ತೆ ಹೇಳಿದಳು. ಅವಳು ಹೇಳಿದಷ್ಟೂ ಅವರ ಕೈಗಳು ಅವಳ ಕಡೆಗೆ ಮುಗಿದವು. ಕೊನೆಗೆ ಆ ದೊಡ್ಡ ಮನಸ್ಸಿಗೆ ಬೆಲೆ ಕೊಟ್ಟು ಅಕ್ಕನನ್ನು ಮನೆಯಲ್ಲೇ ಉಳಿಸಿಕೊಳ್ಳುವುದೆಂದಾಯಿತು. ಆದರೆ ಅಂಗಳ ದಾಟಿ ಹೋಗಬಾರದು. ಅಕ್ಕ ಎಲ್ಲರ ಎದುರು ಅತ್ತೆಯ ಕಾಲಿಗೆ ಬಿದ್ದಳು. ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ.

ಆಮೇಲಿನ ದಿನಗಳಲ್ಲಿ ಅಕ್ಕ ಸಂಜೆಯಾದರೆ ಅಂಗಳದಲ್ಲೇ ಸುತ್ತುತ್ತಿದ್ದಳು. ಕೊಟ್ಟಿಗೆಯಿಂದ ತುಳಸಿಕಟ್ಟೆಗೆ, ತುಳಸಿಕಟ್ಟೆಯಿಂದ ಕೊಟ್ಟಿಗೆಗೆ. ಕಂಕುಳಲ್ಲಿ ಕೂಸು. ಕಟ್ಟಿ ಹಾಕಿದ ಕರು ಗೂಟ ಸುತ್ತುವ ಹಾಗೆ... ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಒಂದು ಮಧ್ಯಾಹ್ನ ನಾವು ಮೂವರೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಕಾಲು ಸುಟ್ಟ ಮಗು ಅಕ್ಕನ ತೊಡೆಯ ಮೇಲೆ ಮಲಗಿತ್ತು. ಅಜ್ಜಿ ಇದ್ದಕ್ಕಿದ್ದಂತೆ ಮಾತು ತೆಗೆದಳು.

“ನಿಜ ಯೋಳಿದ್ರೂ ನಂಬಾಕಿಲ್ಲ ಕಣವ್ವ ಈ ಜನ. ನನ್ನ ದೇವ್ರು ಮಾಡಿ ಕೂರಿಸ್ಬುಟ್ಟವ್ರೆ. ದೇವ್ರು ತೂಕಡಿಸ್ತದಾ?” ಸಿಪ್ಪೆಯನ್ನು ಮೊರದಾಚೆ ಎಸೆದಳು. “ಅವರಪ್ಪ ಸತ್ತ ವರ್ಸ, ಎಲ್ಲಾನೂ ಬುಟ್ಟು ಓಗ್ಬುಡಾನ ಅಂತ ಯಶವಂತಪುರದ ಟೇಸನ್ ಗಂಟ ನಡ್ಕಂಡು ಓಗಿದ್ದೆ. ಮಕ್ಕಳನ್ನ ಮನೇಲಿ ಮಲಗಿಸಿ. ರೈಲೂ ಬಂತು.”

ಅಕ್ಕನ ಕೈ ನಿಂತಿತು. “ಮತ್ಯಾಕೆ ರೈಲು ಅತ್ಲಿಲ್ಲ?”

“ಎದೆ ಆಲು ಸೋರ್ತಿತ್ತು. ಕುಬಸ, ಸೆರಗು ಎಲ್ಲಾ ಒದ್ದೆ. ಅಷ್ಟು ಜನದ ಮದ್ದೆ ಅಂಗೆ ಎಂಗೆ ಕೂರೋದು? ಬಂದ್ಬುಟ್ಟೆ.” ಅಜ್ಜಿ ನಕ್ಕಳು. “ಊರೋರು ಅದನ್ನೇ ಕರುಳು ಅಂತಾರೆ.”

ಅಕ್ಕನೂ ನಕ್ಕಳು. ಜಟಕಾ ಹೋದ ದಿನದಿಂದ ಅವಳು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಅಳತೊಡಗಿದಳು. ಮಗು ಎದ್ದು ಇಬ್ಬರ ಮುಖವನ್ನೂ ನೋಡಿತು.

ಆವತ್ತು ಸಂಜೆ ಅಜ್ಜಿ ಬೀದಿಗೆ ಕೇಳುವಂತೆ ಕೂಗಿದಳು, “ತೋಟಕ್ಕೆ ಓಗಿ ಚಪ್ಪರದಡಿ ಕಳೆ ಕಿತ್ತು ಬಾರವ್ವ. ಮಕ್ಕಳ್ನ ನಾ ನೋಡ್ಕಂತೀನಿ.” ತೋಟ ಮನೆಯ ಹಿಂದೆಯೇ, ಅಂಗಳಕ್ಕೆ ಸೇರಿದ್ದು. ಹೊಸಿಲು ದಾಟಿದ ಮಾತೇ ಬರುವುದಿಲ್ಲ. ದ್ರಾಕ್ಷಿ ಚಪ್ಪರ ತಲೆಗೆ ತಾಗುವಷ್ಟು ಎತ್ತರ, ಹೊರಗಿನವರಿಗೆ ಒಳಗಿದ್ದವರು ಕಾಣರು. ಅದರ ಕೆಳಗೆ ಅಕ್ಕ ಆ ತುದಿಯಿಂದ ಈ ತುದಿಗೆ ನಡೆದಳು. ಮರುದಿನವೂ. ಅದರ ಮರುದಿನವೂ. ಕಳೆ ಹಾಗೇ ಇತ್ತು. ಎಲೆಗೆ ಹೊಡೆದ ಔಷಧಿ ಸೋಕಿ ಅವಳ ಸೆರಗಿನ ಮೇಲೆ, ಭುಜದ ಮೇಲೆ ನೀಲಿ ಕಲೆಗಳಾಗುತ್ತಿದ್ದವು. ಕೂಸನ್ನು ನನ್ನ ಕೈಯಿಂದ ತೆಗೆದುಕೊಳ್ಳಲು ಬಾಗಿದಾಗ ಅದೇ ವಾಸನೆ. ಆದರೆ ಏರಿಯ ಮೇಲಿನ ಆ ಬೀಸುಗಾಲು ಚಪ್ಪರದ ಕೆಳಗೆ ಇರಲಿಲ್ಲ. ತಲೆ ಬಗ್ಗಿಸಿ ನಡೆಯಬೇಕಿತ್ತಲ್ಲ.

ಅರವತ್ತರ ದಶಕದ ಮೊದಲಲ್ಲೇ ನನಗೆ ಮದುವೆಯಾಗಿ ಯಶವಂತಪುರಕ್ಕೆ ಬಂದೆ. ಅಪ್ಪನಿಗೆ ವರ್ಗವಾಯಿತು. ಹೆಬ್ಬಾಳಕ್ಕೆ ಹೋಗುವುದು ಕಡಿಮೆಯಾಯಿತು. ನನ್ನ ಮೊದಲ ಕೂಸು ಹಗಲೆಲ್ಲ ಅತ್ತು ನನ್ನ ತಲೆ ಸಿಡಿಯುತ್ತಿದ್ದಾಗ, ಅದನ್ನು ಅತ್ತೆಯ ಕೈಗೆ ಕೊಟ್ಟು ಮಾರ್ಕೆಟ್ಟಿನ ತನಕ ಸುಮ್ಮನೆ ನಡೆದು ಬಂದಿದ್ದೆ. ಕೈಯಲ್ಲಿ ಚೀಲ ಹಿಡಿದುಕೊಂಡು. ಆಗ ಅಕ್ಕನಿಗೆ ಹೇಳಬೇಕು ಅನ್ನಿಸಿತ್ತು. ಹೇಳಲಾಗಲಿಲ್ಲ.

ಅಕ್ಕ ಹೋದ ವರ್ಷ ತೀರಿಕೊಂಡಳು. ತೊಂಬತ್ತು ದಾಟಿತ್ತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೇಳಿಕಳಿಸಿದ್ದರು, ಹೋದೆ. ತೋಟವಿದ್ದ ಜಾಗದಲ್ಲಿ ಈಗ ಮಕ್ಕಳು ಕಟ್ಟಿಸಿರುವ ದೊಡ್ಡ ಅಪಾರ್ಟ್‌ಮೆಂಟು. ಕೆಳಗಿನ ಹಾಲಿನಲ್ಲಿ ಅಕ್ಕನ ಪಟ, ಗುಲಾಬಿ ಹಾರ. ಹಿರಿಯ ಮಗ ಮೈಕು ಹಿಡಿದು ಗದ್ಗದನಾಗಿ ಮಾತಾಡಿದ. “ನಮ್ಮಮ್ಮ ಒಂದಿನ ಹೊಸಿಲು ದಾಟಿದೋರಲ್ಲ. ತನಗೆ ಅಂತ ಏನೂ ಬಯಸಿದೋರಲ್ಲ. ಅಂಥ ತಾಯಿ ಈ ಕಾಲದಲ್ಲಿ ಸಿಗಲ್ಲ.” ಸುತ್ತ ಕೂತವರು ತಲೆಯಾಡಿಸಿದರು. ಅವನನ್ನು ಆ ಅಂಗಳದಲ್ಲಿ ನಾನೇ ಆಡಿಸಿದ್ದೆ. ಕುರ್ಚಿಯ ಮೇಲೆ ಕೂರಲಾರದೆ ನಾನು ಕದಲಿದೆ.

ನನ್ನ ಪಕ್ಕದಲ್ಲಿ ಆ ಹೆಣ್ಣುಮಗಳು ಕೂತಿದ್ದಳು, ಕಾಲು ಸುಟ್ಟಿದ್ದವಳು. ಈಗ ಅವಳೂ ಅಜ್ಜಿ. ನನ್ನ ಕಡೆ ಬಾಗಿ ಮೆಲ್ಲಗೆ ಅಂದಳು, “ಅಣ್ಣಂಗೆ ಗೊತ್ತಿಲ್ಲ. ಅಮ್ಮ ದಿನಾ ಸಂಜೆ ಚಪ್ಪರದ ಕೆಳಗೆ ನಡೀತಿದ್ರು. ನಾನು ಕಿಟಕೀಲಿ ನೋಡ್ತಿದ್ದೆ.”

ನನಗೆ ಜೀವ ಬಂದಂತಾಯಿತು. “ಹೌದಮ್ಮ, ನಡೀತಿದ್ಲು.”

“ಯಾಕೆ ಅಂತ ಅಜ್ಜಿನ ಕೇಳಿದ್ದೆ. ನನ್ನ ಕಾಲು ವಾಸಿಯಾಗ್ಲಿ ಅಂತ ಹರಕೆ ಹೊತ್ತಿದಾಳೆ ಅಂದ್ರು. ನೋಡಿ, ನನಗೋಸ್ಕರ ಎಷ್ಟು ವರ್ಷ ನಡೆದ್ರು...” ಅವಳ ಕಣ್ಣು ತುಂಬಿತ್ತು.

ಮಕ್ಕಳ ಬಾಯಿ ಮುಚ್ಚಿಸಲು ಅಜ್ಜಿಗೂ ಕೊನೆಗೆ ಸಿಕ್ಕಿದ್ದು ಇಂಥದೇ ಮಾತು. ನಾನು ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ.

“ಇಲ್ಲಮ್ಮ,” ಅಂದೆ. “ನಿನಗೋಸ್ಕರ ಅಲ್ಲ. ನಿನಗೆ ಏಟಾಗೋಕೆ ಮುಂಚೆಯಿಂದ್ಲೂ ನಡೀತಿದ್ಲು. ಕೆರೆ ಏರಿ ಮೇಲೆ. ನಿಮ್ಮಮ್ಮಂಗೆ ನಡೆಯೋದು ಇಷ್ಟ ಇತ್ತು, ಅಷ್ಟೇ. ನಿಮ್ಮೆಲ್ಲರ ಮೇಲೂ ಆಸೆ ಇತ್ತು, ಅದು ಬೇರೆ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಮುಂಗೈ ಸವರಿ, ವಯಸ್ಸಾದವರನ್ನು ಸಮಾಧಾನ ಮಾಡುವಂತೆ ನಕ್ಕಳು. “ನೀವಾಗ ಚಿಕ್ಕೋರು. ನಿಮಗೆ ಗೊತ್ತಾಗಿರಲ್ಲ.”

ಊಟಕ್ಕೆ ಕರೆದರು. ಅವಳು ನನ್ನ ಕೈಹಿಡಿದು ಎಬ್ಬಿಸಿದಳು. ನಾನು ಊಟ ಮಾಡಿದೆ, ಪಾಯಸ ಚೆನ್ನಾಗಿದೆ ಅಂದೆ, ಮನೆಗೆ ಬಂದೆ.

ವರ್ಷವಾಯಿತು. ಪಟದಲ್ಲಿರುವವಳಿಗೆ ಹಾರ ಹಾಕಲು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳಿದ್ದಾರೆ. ಲಾರಿಯ ದೀಪವನ್ನು ನಿಂತು ನೋಡಿದ ಇನ್ನೊಬ್ಬಳು ಇದ್ದಳಲ್ಲ, ಅವಳನ್ನು ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ ಇರಬೇಕು. ನನ್ನ ಮಾತನ್ನೂ ಯಾರೂ ನಂಬುವುದಿಲ್ಲ.