ಹರವಿಯ ಮಾತು ಕೇಳುವ ಹುಲಿಗೆವ್ವ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಣೆಯ ಕಾತ್ರಜ ಘಾಟು ದಾಟಿ, ಸಾತಾರಾ ಹೆದ್ದಾರಿಯಿಂದ ತುಸು ಒಳಗಿರುವ ತಗಡಿನ ಶೆಡ್ಡಿನಲ್ಲಿ ಹುಲಿಗೆವ್ವ ಸೊಂಟದೆತ್ತರದ ಮಣ್ಣಿನ ಹರವಿಯನ್ನು ತಬ್ಬಿಕೊಂಡು, ಅದಕ್ಕೆ ಕಿವಿ ಹಚ್ಚಿ ನಿಂತಿದ್ದಾರೆ. ನಾನು ನಮಸ್ಕಾರ ಎಂದರೆ ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಾರೆ. ಹೆದ್ದಾರಿಯಲ್ಲಿ ಕರ್ನಾಟಕದ ಬಸ್ಸೊಂದು ಹಾರ್ನ್ ಬಾರಿಸಿ ಹೋಗುತ್ತದೆ. ಅದಕ್ಕೂ ಒಂದು ಬೈಗುಳ ತಪ್ಪುವುದಿಲ್ಲ.

"ಇನ್ನಾ ಮಾತಾಡ್ಲಕತ್ತದ್ರಿ," ಎನ್ನುತ್ತಾರೆ ಕಡೆಗೆ. "ಇವತ್ತ ಬ್ಯಾಡ."

ಮಾತಾಡುತ್ತಿರುವುದು ವೈನು. ಬಾರಾಮತಿ ಕಡೆಯಿಂದ ಬಂದ ಕಪ್ಪು ದ್ರಾಕ್ಷಿಯನ್ನು ಹುಲಿಗೆವ್ವ ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದಲೇ ತುಳಿದು, ಸಿಪ್ಪೆ ಸಮೇತ ಹರವಿಗೆ ತುಂಬುತ್ತಾರೆ. ಇಲ್ಲಿ ಯಂತ್ರವಿಲ್ಲ, ಔಷಧಿಯಿಲ್ಲ. ರಸ ತಾನಾಗಿಯೇ ಹುದುಗುತ್ತದೆ. ತೇಲಿಬರುವ ಸಿಪ್ಪೆಯನ್ನು ಮರದ ಹುಟ್ಟಿನಿಂದ ಮತ್ತೆ ಮತ್ತೆ ಅದುಮುತ್ತಿರಬೇಕು. ಒಳಗಿನ ಗುಳುಗುಳು ನಿಂತ ದಿನ ಸಿಪ್ಪೆ ಹಿಂಡಿ ತೆಗೆದು, ರಸವನ್ನು ಕಂಠಮಟ್ಟ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಬೇಕು. ಬೇಗ ಮುಚ್ಚಿದರೆ ಹರವಿ ಸಿಡಿಯುತ್ತದೆ. ತಡವಾದರೆ ಗಾಳಿ ಹೊಕ್ಕು ಎಲ್ಲ ಹುಳಿಯಾಗುತ್ತದೆ. ಶೆಡ್ಡಿನ ಮಾಲೀಕ ಮಧುಕರ್ ದೊಡ್ಡ ಕಾರ್ಖಾನೆಯ ಯಂತ್ರಗಳ ನಡುವೆ ಅರ್ಧ ಆಯುಷ್ಯ ಕಳೆದವರು, ಅವರ ಕಿವಿ ಮಂದ. ಹಾಗಾಗಿ ಕೇಳುವ ಕೆಲಸ ಹುಲಿಗೆವ್ವನದು.

ಹುಲಿಗೆವ್ವ ಯಾದಗಿರಿ ಕಡೆಯವರು. ಗಂಡ ಹಣಮಂತ್ರಾಯ ಸೆಂಟ್ರಿಂಗ್ ಕೆಲಸಕ್ಕೆಂದು ಪುಣೆಗೆ ಬಂದಾಗ ಜೊತೆಗೆ ಬಂದು ವರ್ಷಗಟ್ಟಲೆ ತಲೆಯ ಮೇಲೆ ಕಾಂಕ್ರೀಟು ಹೊತ್ತವರು. "ಸಿಮೆಂಟ ಅಂಗಾಲ ತಿಂತದ್ರಿ. ರಾತ್ರಿ ಹರಳೆಣ್ಣಿ ಹಚ್ಚಿದ್ರ ಬೆಳಿಗ್ಗಿ ಮತ್ತ ಬಿರೀತಿತ್ತು," ಎಂದು ಪಾದ ಎತ್ತಿ ತೋರಿಸುತ್ತಾರೆ. ಈ ಶೆಡ್ಡಿನ ಕೆಲಸಕ್ಕೆ ಬಂದ ಮೇಲೆ ಬಿರುಕುಗಳು ಮುಚ್ಚಿ, ಅಂಗಾಲು ನೇರಳೆ ಬಣ್ಣಕ್ಕೆ ತಿರುಗಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲವಂತೆ. ಹೋಗಲಿ ಎಂಬ ಆಸೆಯೂ ಅವರಿಗಿದ್ದಂತೆ ಕಾಣಲಿಲ್ಲ.

ಮೊದಲ ದಿನ ತೊಟ್ಟಿಗೆ ಇಳಿಯಲು ಅವರು ಒಪ್ಪಿರಲಿಲ್ಲ. "ತಿನ್ನೂದನ್ನ ತುಳಿಯೂದು ಪಾಪ ಅಲ್ಲೇನ್ರಿ?" ಇಂದಿಗೂ ಒಂದು ಗೊಂಚಲನ್ನು ಕಣ್ಣಿಗೊತ್ತಿಕೊಳ್ಳದೆ ಕಾಲಿಡುವುದಿಲ್ಲ.

ಹೋದ ವರ್ಷ ಅವರ ಕೆಲಸ ಕೆಡಿಸಿದ್ದೂ ಇಂಥದೇ ಒಂದು ನಂಬಿಕೆ. ಜೋಳದ ಸೀಮೆಯ ಮನೆಯಲ್ಲಿ ತುಂಬಿದ ಪಾತ್ರೆಯ ಬಾಯಿ ತೆರೆದಿಟ್ಟು ಯಾರೂ ಮಲಗುವುದಿಲ್ಲ. ಜೋಳ ತುಂಬಿದ ನೆಲದಡಿಯ ಕಣಜ, ಹಗೇವಿಗೂ ಕಲ್ಲು ಮುಚ್ಚಿ, ಸಂದಿ ಬಿಡದೆ ಮಣ್ಣು ಮೆತ್ತುತ್ತಾರೆ. ಮಧುಕರ್ ದ್ರಾಕ್ಷಿಯ ಲೆಕ್ಕ ತೀರಿಸಲು ಬಾರಾಮತಿಗೆ ಹೋಗಿದ್ದ ದಿನ, ಇನ್ನೂ ಹುದುಗುತ್ತಿದ್ದ, ಬರೀ ಬಟ್ಟೆ ಹೊದೆಸಿದ್ದ ಹರವಿಯನ್ನು ಕಂಡು ಹುಲಿಗೆವ್ವನಿಗೆ ಜೀವ ತಡೆಯಲಿಲ್ಲ. ಹಗೇವು ಮುಚ್ಚಿದಂತೆಯೇ ಬಿಗಿಯಾಗಿ ಮೆತ್ತಿ ಮನೆಗೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ಹರವಿ ಒಡೆದು, ನೆಲವೆಲ್ಲ ಕೆಂಪು.

"ನಾ ಅತ್ತಬಿಟ್ಟೆ. ಮಧುಕರ ದಾದಾ ಬೈಲಿಲ್ಲ. ಬೈದಿದ್ರ ಚಲೋ ಇತ್ತು."

ಬೈಯಲಿಲ್ಲ ನಿಜ. ಆದರೆ ಈ ವರ್ಷವೂ ಕೆಟ್ಟರೆ ಸ್ಟೀಲ್ ಟ್ಯಾಂಕು, ಹಿಂಡುವ ಯಂತ್ರ ತರಿಸುವುದಾಗಿ ಮಧುಕರ್ ಹೇಳಿಬಿಟ್ಟಿದ್ದಾರೆ. ಯಂತ್ರಕ್ಕೆ ಕಾಲೂ ಬೇಡ, ಕಿವಿಯೂ ಬೇಡ. ಹುಲಿಗೆವ್ವ ಮತ್ತೆ ಕಾಂಕ್ರೀಟಿಗೆ ಹೋಗಬೇಕು. ಅದಕ್ಕೇ ಈ ಸಲ ಅವರು ಹರವಿಯನ್ನು ಬಿಟ್ಟು ಕದಲುತ್ತಿಲ್ಲ. "ಕೂಸು ಪೂರ್ತಿ ಮಲಗ್ಯಾದೋ, ಸುಮ್ನ ಕಣ್ಣ ಮುಚ್ಚ್ಯಾದೋ ತಾಯಿಗೆ ತಿಳೀತದಲ್ಲ, ಹಂಗ," ಎನ್ನುತ್ತಾರೆ. ಮೈಸೂರು ಕಡೆಯ ನಾನು "ಹೌದೇ?" ಎಂದರೆ ನಗು. "ನಿಮ್ಮ ಕನ್ನಡ ಪುಸ್ತಕದಾಗಿಂದ ಎದ್ದು ಬಂದಂಗದ್ರಿ!"

ನಾನು ಅಲ್ಲಿಂದ ಬಂದು ಎರಡು ದಿನಕ್ಕೆ ಹರವಿ ಮುಚ್ಚಿದ ಸುದ್ದಿ ಬರುತ್ತದೆ.

ಮಳೆಗಾಲ ಕಳೆದ ಮೇಲೆ, ಹರವಿ ತೆರೆಯುವ ಬೆಳಿಗ್ಗೆ, ಮತ್ತೆ ಅದೇ ಶೆಡ್ಡು. ಹುಲಿಗೆವ್ವ ಒಣಮಣ್ಣು ಕೆರೆದು ಮುಚ್ಚಳ ಎತ್ತುತ್ತಾರೆ. ಮೊದಲ ಸೌಟು ನೆಲಕ್ಕೆ, ಭೂಮಿತಾಯಿಯ ಪಾಲು. ಎರಡನೆಯದು ಮಧುಕರ್ ಅವರ ಲೋಟಕ್ಕೆ. ಅವರು ಕಣ್ಣುಮುಚ್ಚಿ ಬಾಯಲ್ಲೇ ಇಟ್ಟುಕೊಂಡು ನಿಲ್ಲುತ್ತಾರೆ. ಹುಲಿಗೆವ್ವ ಸೌಟು ಹಿಡಿದೇ ಅವರ ಮುಖ ನೋಡುತ್ತಾರೆ.

"ಮಸ್ತ ಝಾಲಿ, ಹುಲಿಗಾಬಾಯಿ!" ಚೆನ್ನಾಗಿ ಬಂದಿದೆ ಎಂದು ಮಧುಕರ್ ಮರಾಠಿಯಲ್ಲಿ ಕೂಗುತ್ತಾರೆ.

ಹುಲಿಗೆವ್ವ ಅಲ್ಲೇ ನೆಲಕ್ಕೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಯಂತ್ರದ ಮಾತು ಅಲ್ಲಿಗೆ ಮುಗಿಯುತ್ತದೆ. ಬರುವ ವರ್ಷ ಇನ್ನೊಂದು ಹರವಿ ತರುತ್ತೇನೆ ಎನ್ನುತ್ತಾರೆ ಮಧುಕರ್. ನೀವೂ ಒಂದು ಗುಟುಕು ಕುಡಿಯಿರಿ ಎಂದು ನಾನು ಹುಲಿಗೆವ್ವನನ್ನು ಒತ್ತಾಯಿಸಿದರೆ ನಾಲಗೆಗೆ ತಾಗಿಸಿ, ಹುಣಸೆಕಾಯಿ ಕಚ್ಚಿದವರಂತೆ ಮುಖ ಹಿಂಡುತ್ತಾರೆ. "ಅಯ್ಯ, ಇದಕ್ಕ ಇಷ್ಟ ಗದ್ದಲೇನ್ರಿ?"

ಬೀಳ್ಕೊಡಲು ಹೊರಗೆ ಬಂದವರು ದೂರದಲ್ಲಿ ಕಾಣುವ ಎತ್ತರದ ಕಟ್ಟಡಗಳತ್ತ ಕೈ ತೋರಿಸುತ್ತಾರೆ.

"ಅವು ನಾವು ಕಟ್ಟಿದವ್ರಿ. ಈಗ ಹೋದ್ರ ವಾಚಮನ್ ಗೇಟಿನ ಒಳಗ ಬಿಡಲ್ಲ. ಇಲ್ಲಿ ಹಂಗಲ್ಲ. ನಾ ಹೂಂ ಅನ್ನೂತನಕ ಮಾಲಕರೂ ಹರವಿ ಮುಟ್ಟಲ್ಲ."