ಗೋಲು ಹೊಡೆಯುವುದು, ಗೋಲಿಗೆ ಹೊಡೆಯುವುದು

ಹೆಮ್ಮೆ ಪಡುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಇರುತ್ತದೆ. ಕೆಲವರಿಗೆ ಮಗನ ಹುದ್ದೆ, ಕೆಲವರಿಗೆ ಮನೆಯ ಮುಂದಿನ ಕಂಬಗಳು, ನಮ್ಮ ದೊಡ್ಡಮ್ಮನಿಗೆ ತಾನು ಹಾಕಿದ ಮಿಡಿ ಉಪ್ಪಿನಕಾಯಿ ಎಂದೂ ಕೆಟ್ಟಿಲ್ಲ ಎಂಬುದು. ನನಗಿರುವ ಹೆಮ್ಮೆ ಒಂದು ವಿಭಕ್ತಿ ಪ್ರತ್ಯಯದ್ದು. ನಗಬೇಡಿ. ನಗಲೇಬೇಕೆಂದರೆ ಪೂರ್ತಿ ಕೇಳಿದ ಮೇಲೆ ನಗಿ.

ಎಪ್ಪತ್ತರ ದಶಕದ ಮಾತು. ನಾನಾಗ ಶಿಕಾರಿಪುರದಲ್ಲಿ ಇಂಗ್ಲಿಷ್ ಟೀಚರ್. ಹುಟ್ಟಿ ಬೆಳೆದದ್ದು ಸೊರಬದಲ್ಲಿ. ಈ ಎರಡು ಊರಿನವರು ಮದುವೆಯಲ್ಲಿ ಒಂದೇ ಪಂಕ್ತಿಗೆ ಕೂತು ಹರಟುತ್ತಾರೆ, ಸಂತೆಯಲ್ಲಿ ನಗುತ್ತಾ ಚೌಕಾಸಿ ಮಾಡುತ್ತಾರೆ. ನಡುವೆ ಒಂದು ಫುಟ್‌ಬಾಲ್ ಇಟ್ಟರೆ ಮಾತ್ರ ಮುಖ ಮುಖ ನೋಡುವುದಿಲ್ಲ. ಆ ವರ್ಷ ಶಿಕಾರಿಪುರದಲ್ಲಿ ಎರಡೂ ಊರಿನ ತಂಡಗಳಿಗೆ ಪಂದ್ಯ ಏರ್ಪಾಡಾಯಿತು. ಏರ್ಪಾಡು ಮಾಡಿದವರು ಜವಳಿ ಅಂಗಡಿಯ ಬಶೀರ್ ಸಾಹೇಬರು. ಮುಖ್ಯ ಅತಿಥಿಯಾಗಿ ಬರುವವರು ಉತ್ತರ ದೇಶದಿಂದ ಹೊಸದಾಗಿ ಬಂದಿದ್ದ ಒಬ್ಬ ಅಧಿಕಾರಿ, ಕನ್ನಡದ ಗಂಧವಿಲ್ಲದವರು. ಆದ್ದರಿಂದ ಮೈಕಿನಲ್ಲಿ ಇಂಗ್ಲಿಷ್ ವಿವರಣೆ ಬೇಕು.

ಸಾಹೇಬರು ನೆಟ್ಟಗೆ ನಮ್ಮ ಮನೆಗೇ ಬಂದರು. “ಟೀಚರ್ರೇ, ಊರಿನ ಮರ್ಯಾದಿ ನಿಮ್ಮ ಕೈಯಾಗೈತಿ. ಇಲ್ಲ ಅನ್ನಬ್ಯಾಡ್ರಿ.”

“ನನ್ನ ತಮ್ಮನೇ ಸೊರಬದ ಗೋಲ್‌ಕೀಪರ್ ಕಣ್ರೀ ಸಾಹೇಬರೇ. ನಾನು ಮೈಕ್ ಹಿಡಿದರೆ ನಾಳೆ ಎರಡೂ ಊರಿನವರು ಬಯ್ಯುತ್ತಾರೆ.”

“ಎರಡೂ ಕಡಿಯೋರು ಬೈದ್ರೆ ನೀವು ಸರಿಯಾಗಿ ಹೇಳೀರಿ ಅಂತ ಆತಲ್ರೀ!” ಎಂದು ನಕ್ಕು ಹೋದರು.

ನಾನು ಅಲ್ಲಿಯವರೆಗೆ ಒಂದು ಫುಟ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ಆದರೆ ವ್ಯಾಕರಣ ಗೊತ್ತಿತ್ತು. ವ್ಯಾಕರಣ ಗೊತ್ತಿದ್ದವರಿಗೆ ಎಲ್ಲವೂ ಗೊತ್ತಿದೆ ಎಂಬ ವಯಸ್ಸು ಅದು. ಕುಳಿತು ಯೋಚಿಸಿದಾಗ ಮೊದಲ ಕಷ್ಟ ‘ಹೊಡೆ’ ಎಂಬ ಧಾತುವಿನಲ್ಲೇ ಎದುರಾಯಿತು. ಕನ್ನಡದವರು ಹೊಡೆಯದ ವಸ್ತುವಿಲ್ಲ. ಗಂಟೆ ಹೊಡೆಯುತ್ತೇವೆ, ಗಾಡಿ ಹೊಡೆಯುತ್ತೇವೆ, ಡೇರೆ, ಸುಣ್ಣ, ಹರಟೆ, ಗೊರಕೆ ಎಲ್ಲವನ್ನೂ ಹೊಡೆಯುತ್ತೇವೆ. ಗೋಲನ್ನೂ ಅದೇ ಧಾಟಿಯಲ್ಲಿ ಹೊಡೆದು ಇಂಗ್ಲಿಷಿಗೆ ದಾಟಿಸಿದರೆ, ಗೋಲಿನ ಕಂಬಗಳಿಗೆ ಯಾರೋ ದೊಣ್ಣೆಯಿಂದ ಬಡಿದಂತೆ ಕೇಳುತ್ತದೆ. ಗೋಲಾದರೆ ‘ಸ್ಕೋರ್’ ಎನ್ನಬಹುದು. ಹೊಡೆದೂ ಆಗದಿದ್ದರೆ? ಗಣಿತ ಕಲಿಸುವ ನಮ್ಮ ಹೆಡ್‌ಮಾಸ್ಟರು ‘ಟ್ರೈಡ್ ಟು ಗೋಲ್’ ಎಂದು ಸೂಚಿಸಿದರು. ಗೌರವದಿಂದ ಕೇಳಿಸಿಕೊಂಡೆ. ಕೊನೆಗೆ ಶಾಲೆಯ ದಪ್ಪ ನಿಘಂಟು ದಾರಿ ತೋರಿಸಿತು: ‘ಶಾಟ್ ಅಟ್ ಗೋಲ್’. ಆ ಪುಟ್ಟ ‘ಅಟ್’ ನೋಡಿ ರೋಮಾಂಚನವಾಯಿತು. ಒಬ್ಬರಿಗೆ ‘ಟು’ ಸೇರಿಸಿ ಚೆಂಡು ಎಸೆದರೆ ಅವರು ಹಿಡಿಯಲಿ ಎಂದು. ‘ಅಟ್’ ಸೇರಿಸಿ ಎಸೆದರೆ ಅವರಿಗೆ ತಾಗಲಿ ಎಂದು. ಗುರಿ ಇದೆ, ಫಲದ ಖಾತರಿ ಇಲ್ಲ. ಎಷ್ಟು ಪ್ರಾಮಾಣಿಕವಾದ ಶಬ್ದ ಎಂದುಕೊಂಡು, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ.

ಪಂದ್ಯದ ದಿನ ಮೈದಾನದ ನಾಲ್ಕೂ ಕಡೆ ಜನ. ಸೊರಬದಿಂದ ಒಂದು ಬಸ್ಸು, ಎರಡು ಲಾರಿ ತುಂಬ ಬಂದಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಶಿಕಾರಿಪುರದ ರಫೀಕ್ ಚೆಂಡು ತಂದ. ತಗಡಿನ ಡಬ್ಬಿ ಮಾಡುವ ಮನೆಯ ಹುಡುಗ. ಓಡಿದರೆ ಹಿಂದೆ ಕೆಂಧೂಳು ಮಾತ್ರ ಕಾಣುತ್ತಿತ್ತು. ಬಲವಾಗಿ ಒದ್ದ. ನನ್ನ ತಮ್ಮ ನಾಗರಾಜ ಹಾರಿ ಎದೆಗೆ ಅವುಚಿಕೊಂಡ. ನಾನು ಉಚ್ಚಾರಣೆಯಲ್ಲಿ ಒಂದಿಷ್ಟೂ ಲೋಪವಾಗದಂತೆ ಮೈಕಿನಲ್ಲಿ ಘೋಷಿಸಿದೆ: “ಎ ಫೈನ್ ಶಾಟ್ ಅಟ್ ಗೋಲ್!”

ಧೂಳಿನಲ್ಲಿ ಏನೂ ಕಾಣದಿದ್ದ ಜನಕ್ಕೆ ಕೇಳಿಸಿದ್ದು ಕೊನೆಯ ಶಬ್ದ ಒಂದೇ. ಡೋಲುಗಳು ಮೊಳಗಿದವು, ಟೋಪಿಗಳು ಹಾರಿದವು. ಅಂಕ ಬರೆಯುವವನು ಕರಿಹಲಗೆಯ ಮೇಲೆ ಶಿಕಾರಿಪುರದ ಮುಂದೆ ಒಂದು ಎಂದು ಬರೆದೂಬಿಟ್ಟ. ನಾಗರಾಜ ಚೆಂಡನ್ನು ಎದೆಗೆ ಒತ್ತಿಕೊಂಡೇ ನನ್ನ ಕಡೆ ನೋಡುತ್ತ ನಿಂತ. ಸೊರಬದವರು ಮೈಕಿನ ಮೇಜಿನ ಹತ್ತಿರ ನುಗ್ಗಿ ಬಂದರು.

“ಎಂತ ಮಾರಾಯ್ತಿ ಇದು? ನಮ್ಮೂರ ಮಗಳಾಗಿ ಹಿಂಗೆ ಮಾಡೋದಾ? ಚೆಂಡು ನಿನ್ನ ತಮ್ಮನ ಕೈಲೇ ಇದ್ಯಲ್ಲೇ!”

“ನಾನು ಗೋಲು ಅನ್ನಲಿಲ್ಲ. ಅಟ್ ಗೋಲ್ ಅಂದೆ.”

“ಗೋಲು ಅಂದ್ಯಲ್ಲ ಮತ್ತೆ!”

ರೆಫ್ರಿ ಸೀಟಿ ಊದಿ ಊದಿ ಸುಸ್ತಾದರು; ಅವರ ಮಾತು ಯಾರಿಗೂ ಬೇಡ, ಮೈಕಿನದ್ದೇ ವೇದವಾಕ್ಯ. ಸೊರಬದ ಕ್ಯಾಪ್ಟನ್ ಆಟಗಾರರನ್ನು ಹೊರಗೆ ಕರೆಯತೊಡಗಿದ. ಅತ್ತ ಕಡೆ ಯಾರೋ ಒಬ್ಬರ ಕೊರಳಪಟ್ಟಿಗೆ ಇನ್ನೊಬ್ಬರ ಕೈ ಬಿದ್ದಿತ್ತು. ಬಶೀರ್ ಸಾಹೇಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಅವರು ರೆಫ್ರೀ ಮಾತು ಕೇಳವಲ್ಲರು, ನನ್ನ ಮಾತೂ ಕೇಳಂಗಿಲ್ಲ. ನೀವಾ ಬಿಡಿಸಿ ಹೇಳ್ರಿ ಟೀಚರ್ರೇ.”

ಬಿಡಿಸಿ ಹೇಳುವುದು ಹೇಗೆ? ‘ಅಟ್’ ಬದಲು ‘ಆನ್’ ಎಂದರೂ ಕೊನೆಯಲ್ಲಿ ಗೋಲು ಇದ್ದೇ ಇರುತ್ತದೆ. ‘ಅಟೆಂಪ್ಟ್’ ಎಂದರೆ ಒಬ್ಬರಿಗೂ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಬಂದು ಕೈ ಹಿಡಿದದ್ದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಚತುರ್ಥಿ ವಿಭಕ್ತಿಯ ‘ಗೆ’. ಅಧಿಕಾರಿಯ ಕಡೆ ನೋಡದೆ, ಇಂಗ್ಲಿಷನ್ನು ಬದಿಗಿಟ್ಟು ಮೈಕ್ ಹಿಡಿದೆ.

“ಎಲ್ಲರೂ ದಯವಿಟ್ಟು ಕೇಳಿ. ರಫೀಕ್ ಗೋಲಿಗೆ ಹೊಡೆದರು. ಗೋಲು ಹೊಡೆಯಲಿಲ್ಲ. ಗೋಲಿಗೆ! ಚೆಂಡು ನಾಗರಾಜರ ಕೈಯಲ್ಲಿದೆ.”

ಆಮೇಲೆ ಯಾರೋ ಗಟ್ಟಿಯಾಗಿ, “ಗೋಲಿಗೆ ಅಂತಲೋ ತಮ್ಮಾ, ಗೋಲು ಅಲ್ಲಂತ!” ಎಂದರು. ನಗು ಎದ್ದಿತು. ಕೊರಳಪಟ್ಟಿ ಹಿಡಿದ ಕೈ ಸಡಿಲವಾಯಿತು. ರಫೀಕನೇ ಓಡಿ ಹೋಗಿ ಕರಿಹಲಗೆಯ ಮೇಲಿನ ಒಂದನ್ನು ಅಂಗೈಯಿಂದ ಒರೆಸಿದ. ಇಡೀ ಊರೇ ತನಗಾಗಿ ಡೋಲು ಬಾರಿಸಿದ ಮೇಲೆ ಹಾಗೆ ಒರೆಸುವುದಕ್ಕೆ ದೊಡ್ಡ ಮನಸ್ಸು ಬೇಕು.

ಅಲ್ಲಿಂದ ಮುಂದೆ ನನಗೆ ಅಳುಕಿರಲಿಲ್ಲ. ಅಧಿಕಾರಿಗೆ ಇಂಗ್ಲಿಷಿನಲ್ಲಿ ಒಮ್ಮೆ, ಜನಕ್ಕೆ ಕನ್ನಡದಲ್ಲಿ ಒಮ್ಮೆ. ‘ಶಾಟ್ ಅಟ್ ಗೋಲ್’ ಎಂದು ನಾನು ನಿಲ್ಲಿಸಿದರೆ ಸಾಕು, ಎರಡೂ ಊರಿನವರು ಸೇರಿ “ಗೋಲಿಗೇ!” ಎಂದು ಕೂಗುತ್ತಿದ್ದರು. ತರಗತಿಯಲ್ಲಿ ವರ್ಷವಿಡೀ ಗಂಟಲು ಹರಿದುಕೊಂಡರೂ ಬಾರದ ವಿಭಕ್ತಿ ಸಾವಿರಾರು ಜನರ ಬಾಯಲ್ಲಿ ಒಟ್ಟಿಗೆ ಬಂತು. ಯಾವ ಮೇಷ್ಟರಿಗೆ ಆ ಭಾಗ್ಯ ಸಿಕ್ಕಿದೆ, ಹೇಳಿ.

ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ರಫೀಕ್ ಮತ್ತೆ ನುಗ್ಗಿದ. ನಾಗರಾಜ ಬಲಕ್ಕೆ ಹಾರಿದ, ಚೆಂಡು ಎಡಕ್ಕೆ ಹೋಯಿತು. ಬಲೆ ಅಲುಗಿದ್ದನ್ನು ನಾನು ಕಣ್ಣಾರೆ ಕಂಡೆ. ಆದರೆ ಜನ ಕುಣಿಯಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದರು. ತಮ್ಮ ಮಣ್ಣಿನಲ್ಲಿ ಬೋರಲು ಬಿದ್ದಿದ್ದ. ‘ಗೆ’ ಎಂಬ ಒಂದಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡೆ.

“ರಫೀಕ್ ಗೋಲು ಹೊಡೆದರು.”

ಆಮೇಲಿನ ಗದ್ದಲ ಹೇಳತೀರದು. ಶಿಕಾರಿಪುರ ಆ ಒಂದು ಗೋಲಿನಿಂದ ಗೆದ್ದಿತು. ಸೊರಬದವರು ತಕರಾರು ಎತ್ತಲಿಲ್ಲ. ನಾನು ಹೇಳಿದ ಮೇಲೆ ಆಯಿತು ಎಂದುಬಿಟ್ಟರು. ಎರಡೂ ಊರಿನವರು ಬಯ್ಯುತ್ತಾರೆಂಬ ನನ್ನ ಹಳೆಯ ಭಯ ಆಗ ಪೂರ್ತಿ ಇಳಿಯಿತು. ನಾಗರಾಜ ಎದ್ದು, ಮೈ ಕೊಡವಿಕೊಂಡು, ರಫೀಕನ ಹೆಗಲ ಮೇಲೆ ಕೈ ಹಾಕಿ ನಡೆದು ಬಂದ. ಅವನನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮೈಕ್ ಇನ್ನೂ ಕೈಯಲ್ಲಿದೆ ಎಂಬುದನ್ನೂ ಮರೆತು “ನನ್ನ ತಮ್ಮ” ಎಂದುಬಿಟ್ಟೆ. ಅದೂ ಊರಿಗೆಲ್ಲ ಕೇಳಿಸಿತು.

ಸಂಜೆ ಸೊರಬದ ಬಸ್ಸು ಹೊರಡುವ ಮುಂಚೆ ನಾಗರಾಜ ಕೂತಿದ್ದ ಕಿಟಕಿಯ ಹತ್ತಿರ ಹೋದೆ. ಮುಖ ಸಪ್ಪಗಾಗಿದೆಯೇನೋ ಎಂದು ನೋಡಿದರೆ ಅವನು ಮಂಡಕ್ಕಿ ಮೆಲ್ಲುತ್ತಿದ್ದ.

“ಅಕ್ಕಾ, ಒಂದು ಕೇಳ್ಬೇಕಿತ್ತು. ನಾನು ಚೆಂಡು ಹಿಡಿದಾಗೆಲ್ಲ ನೀನು ಸೇವು ಸೇವು ಅಂತಿದ್ದೆ. ಎಂತಕ್ಕೆ? ನನಗೆ ಖಾರಾ ಸೇವು ನೆನಪಾಗಿ ಹಸಿವಾಗ್ತಿತ್ತು.”

“ಸೇವ್ ಅಂದರೆ ಉಳಿಸಿದ ಅಂತ ಕಣೋ. ಗೋಲಿಗೆ ಬಂದದ್ದನ್ನು ನೀನು ಉಳಿಸಿದೆಯಲ್ಲ, ಅದಕ್ಕೆ.”

ಅವನು ಮೆಲ್ಲುವುದನ್ನು ನಿಲ್ಲಿಸಿದ. “ಹೌದನಾ? ಹಂಗೊಂದು ಮಾತೇ ಇದ್ಯನಾ?” ಎಂದು ಪಕ್ಕದವನನ್ನು ತಿವಿದ. “ಕೇಳ್ಯನಾ? ಅಷ್ಟೂ ಸಲ ನನ್ನ ಹೆಸರೇ ಹೇಳಿದ್ದಂತೆ!”

ಬಸ್ಸು ಹೊರಟಿತು. ರಫೀಕ್ ಗುರಿ ತಪ್ಪಿದ ಎಂದು ಶಿಕಾರಿಪುರವೆಲ್ಲ ಹಲುಬಿದ ಅವೇ ಹೊಡೆತಗಳನ್ನು ತನ್ನ ಸೇವುಗಳೆಂದು ಎಣಿಸಿಕೊಂಡು, ಸೋತ ಹುಡುಗನೊಬ್ಬ ಎದೆಯುಬ್ಬಿಸಿ ಸೊರಬಕ್ಕೆ ಹೋಗುತ್ತಿದ್ದ.