ಎಲ್ಲರಿಗೂ ಒಂದೇ ಸಾವು

ಮಹಾಲಯ ಅಮಾವಾಸ್ಯೆಗೆ ಇನ್ನೆರಡು ದಿನ ಇದೆ ಎನ್ನುವಾಗ ಅಕ್ಕಯಮ್ಮ ಕದಿರಪ್ಪನ ಬಾಗಿಲಿಗೆ ಬರುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. "ನಾಯನಾ, ಅಮಾಸೆ ಊಟಕ್ಕೆ ಬಾ" ಎಂದು ಹೇಳಿ ತಿರುಗಿ ಹೋಗುತ್ತಿದ್ದಳು. ಅಮಾವಾಸ್ಯೆಯ ದಿನ ಸತ್ತ ಮಗ ಮುನಿರಾಮಪ್ಪನ ಹೆಸರಿನಲ್ಲಿ ಎಲೆ ಹಾಕಿ, ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ ಎಡೆ ಇಟ್ಟು, ಪಕ್ಕದ ಎಲೆಗೆ ಕದಿರಪ್ಪನನ್ನು ಕೂರಿಸುತ್ತಿದ್ದಳು. ಬೈರಕೂರಿನ ಮಗ್ಗುಲಿನ ಆ ಹಳ್ಳಿಯಿಂದ ಇಬ್ಬರೂ ಒಂದೇ ದಿನ ಕೋಲಾರಕ್ಕೆ ಹೋಗಿ ಸೈನ್ಯ ಸೇರಿದವರು. ಎಪ್ಪತ್ತೊಂದರ ಡಿಸೆಂಬರ್ ಯುದ್ಧದಲ್ಲಿ ಮುನಿರಾಮಪ್ಪ ಸತ್ತ. ಕದಿರಪ್ಪ ಎಡಗಾಲಿನ ಮೂರು ಬೆರಳು ಕಳೆದುಕೊಂಡು ಊರಿಗೆ ಬಂದು, ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿಕೊಂಡು ಉಳಿದ.

ಮೊದಲ ತುತ್ತಿಗೆ ಮುಂಚೆ ಅಕ್ಕಯಮ್ಮ ಪ್ರತಿ ವರ್ಷವೂ ಕೇಳುತ್ತಿದ್ದಳು.

"ಹೇಳಪ್ಪ. ಹೆಂಗೋದ?"

"ಒಂದೇ ಗುಂಡು ದೊಡ್ಡಮ್ಮ. ಎದೆಗೆ. ರೆಪ್ಪೆ ಹೊಡೆಯೋಷ್ಟರಲ್ಲಿ."

"ನೋವು?"

"ಗೊತ್ತೇ ಆಗಿರಲ್ಲ."

ಅವಳು ತಲೆಯಾಡಿಸಿ ಸಾರು ಬಡಿಸುತ್ತಿದ್ದಳು. ಐದು ವರ್ಷ ಕದಿರಪ್ಪ ಇದನ್ನು ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಹೇಳಿದ್ದ. ನಿಜವನ್ನು ಹೇಗೆ ಬೇಕಾದರೂ ಹೇಳಬಹುದು. ಇವತ್ತು ಬಿಟ್ಟುಹೋದದ್ದನ್ನು ನಾಳೆ ಸೇರಿಸಿದರೂ ನಡೆಯುತ್ತದೆ. ಸುಳ್ಳಿಗೆ ಆ ಅನುಕೂಲವಿಲ್ಲ.

ಗುಂಡು ತಗುಲಿದ್ದು ಹೊಟ್ಟೆಗೆ. ಮುನಿರಾಮಪ್ಪ ಕಬ್ಬಿನ ಗದ್ದೆಯ ಬದುವಿನಾಚೆ ಬಯಲಲ್ಲಿ ಬಿದ್ದಾಗ ಬೆಳಗಿನ ಹನ್ನೊಂದು ಗಂಟೆ. ಅವನ ದನಿ ನಿಂತಾಗ ಹೊತ್ತು ಮುಳುಗುತ್ತಿತ್ತು. ಎದುರಿನ ಮೆಷಿನ್‌ಗನ್ನು ಬದುವಿನ ಮೇಲೆ ಯಾರಿಗೂ ತಲೆಯೆತ್ತಲು ಬಿಡಲಿಲ್ಲ. ಅವನು ಮೊದಮೊದಲು ಕದಿರಪ್ಪನ ಹೆಸರು ಹಿಡಿದು ಕೂಗಿದ. ಆಮೇಲೆ ಅಮ್ಮನನ್ನು ಕೂಗಿದ. ಕಡೆಕಡೆಗೆ ಬರೀ ನೀರು, ನೀರು ಎಂದ. ಕದಿರಪ್ಪನ ಸೊಂಟದಲ್ಲಿದ್ದ ಬಾಟ್ಲಿಯಲ್ಲಿ ನೀರು ತುಂಬಿತ್ತು.

ಎಪ್ಪತ್ತೇಳರ ಶ್ರಾವಣದಲ್ಲಿ ಊರ ಹಿಂದಿನ ಬಂಡೆಗುಟ್ಟಕ್ಕೆ ಬೆಂಗಳೂರಿನಿಂದ ಸಿನಿಮಾದವರು ಬಂದರು. ಯುದ್ಧದ ಪಿಕ್ಚರು. ಕಾಶ್ಮೀರಕ್ಕೆ ಹೋಗುವ ಶಕ್ತಿ ಅವರಿಗಿರಲಿಲ್ಲವೆಂದು ಕಾಣುತ್ತದೆ. ಹಿಮವೆಂದು ಬಂಡೆಗಳಿಗೆಲ್ಲ ಸುಣ್ಣ ಬಳಿದರು. ಸೈನಿಕರಾಗಲು ಊರಿನ ಇಪ್ಪತ್ತು ಗಂಡಸರನ್ನು ಕರೆದು ಉಣ್ಣೆ ಕೋಟು ತೊಡಿಸಿದರು. ಊರಲ್ಲಿ ನಿಜವಾದ ಸೈನಿಕನೊಬ್ಬ ಇದ್ದಾನೆಂದು ತಿಳಿದು ಡೈರೆಕ್ಟರು ತಾವೇ ಹುಡುಕಿಕೊಂಡು ಬಂದರು. ಮೂವತ್ತು ದಾಟದ ಮನುಷ್ಯ, ಕಣ್ಣಿಗೆ ದಪ್ಪ ಕನ್ನಡಕ.

"ಕದಿರಪ್ಪನವರೇ, ಎಲ್ಲಾ ಪಿಕ್ಚರ್‌ಗಳಲ್ಲೂ ಗುಂಡು ತಗುಲಿದವನು ಕೈಯೆತ್ತಿ ಗಿರಕಿ ಹೊಡೆದು ಸಾಯ್ತಾನೆ. ನನಗೆ ಆ ಸುಳ್ಳು ಬೇಡ. ನೀವು ಕಂಡದ್ದನ್ನ ಕಂಡ ಹಾಗೆ ಕಲಿಸಿಕೊಡಿ."

"ನಂಗೆ ಹುಳೂಗೆ ಮೇವು ಹಾಕೋದಿದೆ ಸಾರ್. ಆಗಲ್ಲ."

ಅವರು ಹೋದಮೇಲೆ ಹೆಂಡತಿ ಆಂಜಿನಮ್ಮ ಸೊಪ್ಪು ಕತ್ತರಿಸುತ್ತ ಹೇಳಿದಳು. "ಅಕ್ಕಯಮ್ಮ ದಿನಾ ಶೂಟಿಂಗಿಗೆ ಹೋಗ್ತಾಳಂತೆ. ಮಗನ ಯುದ್ಧ ಹೆಂಗಿತ್ತೋ ಕಣ್ಣಾರೆ ನೋಡ್ಬೇಕಂತೆ."

ಕದಿರಪ್ಪ ಲೆಕ್ಕ ಹಾಕಿದ. ಇಪ್ಪತ್ತು ಜನ ಇಪ್ಪತ್ತು ಬಗೆಯಲ್ಲಿ ಸಾಯುತ್ತಾರೆ. ಅದರಲ್ಲಿ ಒಬ್ಬ ಹೊಟ್ಟೆ ಹಿಡಿದುಕೊಂಡರೆ? ಒಬ್ಬ ನೀರು ಕೇಳಿದರೆ? ತಾನು ಅಲ್ಲಿದ್ದರೆ ಕಣ್ಣಿಡಬಹುದು. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, ಕುಂಟುತ್ತಲೇ ಓಡಿ, ಡೈರೆಕ್ಟರ ಕಾರು ತಡೆದು ಒಪ್ಪಿಕೊಂಡ.

ಮಾರನೆಯ ಬೆಳಗ್ಗೆ ಗುಟ್ಟದ ಕೆಳಗೆ ಇಪ್ಪತ್ತು ಜನರನ್ನೂ ಸಾಲಾಗಿ ನಿಲ್ಲಿಸಿದ. ಬಲಗೈ ಎದೆಗೆ ಹೋಗಬೇಕು, ಮೊಣಕಾಲು ಮಡಿಯಬೇಕು, ಮುಖ ಕೆಳಗಾಗಿ ಬೀಳಬೇಕು, ಬಿದ್ದಮೇಲೆ ಅಲುಗಬಾರದು. ತಾನೇ ಬಿದ್ದು ತೋರಿಸಿದ.

"ಇಷ್ಟೇನಾ?" ಎಂದರು ಡೈರೆಕ್ಟರು.

"ಇಷ್ಟೇ ಸಾರ್."

"ಎಲ್ಲರೂ ಹೀಗೇನಾ?"

"ಎಲ್ರೂ ಹೀಗೇ."

ಡೈರೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ನಂಬಿಕೆ ಬರಲಿಲ್ಲವೆಂದು ಕದಿರಪ್ಪನಿಗೆ ಗೊತ್ತಾಯಿತು. ಆದರೆ ಯುದ್ಧ ನೋಡಿದವನ ಮಾತನ್ನು ನೋಡದವರು ತಳ್ಳಿಹಾಕುವುದು ಹೇಗೆ? ಮೂರು ದಿನ ಹಾಗೇ ನಡೆಯಿತು. ಬೆಳಗ್ಗೆ ನಮ್ಮವರಾಗಿ ಸತ್ತವರು ಮಧ್ಯಾಹ್ನ ಬೆಲ್ಟು ಬದಲಾಯಿಸಿಕೊಂಡು ವೈರಿಗಳಾಗಿ ಸತ್ತರು, ಅದೇ ರೀತಿಯಲ್ಲಿ. ಅಕ್ಕಯಮ್ಮ ಸೆರಗು ತಲೆಗೆ ಹೊದ್ದು ಜನರ ನಡುವೆ ಕೂತು ನೋಡಿದಳು. ಕದಿರಪ್ಪ ಕ್ಯಾಮೆರಾ ಕಡೆಗಿಂತ ಅವಳ ಕಡೆಗೇ ಹೆಚ್ಚು ನೋಡಿದ. ಅವಳ ಮುಖದಲ್ಲಿ ಏನೂ ತಿಳಿಯಲಿಲ್ಲ.

ನಾಲ್ಕನೆಯ ದಿನ ಚನ್ನರಾಯಪ್ಪ ಕೆಡಿಸಿದ. ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವ ಕೆಲಸದವನು, ಬಾಯಿ ಸುಮ್ಮನಿರದ ಆಸಾಮಿ.

"ಏನ್ಲಾ ಕದಿರಪ್ಪ, ನಾಕು ದಿನದಿಂದ ಒಂದೇ ಥರ ಸತ್ತೂ ಸತ್ತೂ ಬೇಜಾರಾಯ್ತು ಕಣೋ. ನಮ್ಮಪ್ಪ ಸಾಯಕ್ಕೆ ಮೂರು ತಿಂಗಳು ತಗೊಂಡ. ನಾನು ಮೂರು ನಿಮಿಷ ತಗೊಂಡ್ರೆ ನಿನ್ನ ಗಂಟೇನು ಹೋಯ್ತದೆ?"

"ಹೇಳಿದಷ್ಟು ಮಾಡು."

"ಸಾಯಕ್ಕೂ ಇವನ ಪರ್ಮಿಶನ್ನು!"

ಜನ ನಕ್ಕರು. ಪಟಾಕಿ ಸಿಡಿಯಿತು, ಕ್ಯಾಮೆರಾ ಓಡಿತು. ಹತ್ತೊಂಬತ್ತು ಜನ ಎದೆ ಮುಟ್ಟಿಕೊಂಡು ಬಿದ್ದರು. ಚನ್ನರಾಯಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು, ಮೊಣಕಾಲು ಗದ್ದಕ್ಕೆ ಎಳೆದುಕೊಂಡು, ಸುಣ್ಣದಲ್ಲಿ ಹೊರಳುತ್ತ "ಅಯ್ಯೋ ಅಮ್ಮೋ" ಎಂದು ಕೂಗಿದ. ಅವನು ಮಾಡಿದ್ದು ಜನರನ್ನು ನಗಿಸಲಿಕ್ಕೆ. ಡೈರೆಕ್ಟರು ಎದ್ದು ನಿಂತು "ಬಿಡಿ, ಬಿಡಿ, ಚೆನ್ನಾಗಿದೆ, ಓಡಲಿ!" ಎಂದರು.

ಕದಿರಪ್ಪ ಕ್ಯಾಮೆರಾ ಮುಂದಕ್ಕೇ ನುಗ್ಗಿ ಚನ್ನರಾಯಪ್ಪನ ಕಾಲರು ಹಿಡಿದೆತ್ತಿದ. ಆರು ವರ್ಷದಿಂದ ಒಳಗಿದ್ದ ಪರೇಡು ದನಿ ಹೊರಬಂತು.

"ಒದ್ದಾಡಬಾರದು ಅಂದ್ನಲ್ಲ! ಒಂದೇ ಗುಂಡು! ಎದೆಗೆ! ರೆಪ್ಪೆ ಹೊಡೆಯೋಷ್ಟರಲ್ಲಿ!"

ಏನು ಹೇಳಿದೆನೆಂದು ಕದಿರಪ್ಪನಿಗೆ ಅರಿವಾಗುವಷ್ಟರಲ್ಲಿ ಅಕ್ಕಯಮ್ಮ ಎದ್ದಿದ್ದಳು. ಸೀರೆಗೆ ಅಂಟಿದ ಹುಲ್ಲು ಕೊಡವಿಕೊಂಡು ಊರಿನ ದಾರಿ ಹಿಡಿದಳು.

ದೀಪ ಹಚ್ಚುವ ಹೊತ್ತಿಗೆ ಅವನು ಅವಳ ಮನೆಗೆ ಹೋದ. ಹೋಗದೆ ಇರಲಾಗಲಿಲ್ಲ. ಅವಳು ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು. ಕೂರು ಎನ್ನಲಿಲ್ಲ.

"ಇಪ್ಪತ್ತು ಜನಕ್ಕೂ ಒಂದೇ ಸಾವು ಕೊಟ್ಟಿದ್ದೀಯಲ್ಲೋ ಕದಿರ."

"ಪಿಕ್ಚರ್ ಅಲ್ವಾ ದೊಡ್ಡಮ್ಮ..."

"ನಾನು ಕೋಳಿ ಕೊಯ್ದಿದೀನಿ. ಕುರಿ ಕಡಿಯೋದು ನೋಡಿದೀನಿ. ಗಂಡನ್ನ, ಅತ್ತೇನ ಈ ತೊಡೆ ಮೇಲೆ ಕಳಿಸಿದೀನಿ. ಒಂದು ಸತ್ತಂಗೆ ಇನ್ನೊಂದು ಸಾಯಲ್ಲ. ಮೊದಲನೇ ದಿನ ನೋಡ್ದಾಗ, ನನ್ನ ಮಗ ಪುಣ್ಯವಂತ ಅಂದ್ಕೊಂಡೆ. ಎರಡನೇ ದಿನ ವೈರಿಗಳೂ ಪುಣ್ಯವಂತರೇ ಆದ್ರು. ಮೂರನೇ ದಿನ ಗೊತ್ತಾಯ್ತು, ನಿಂಗೆ ಬರೋದು ಇದೊಂದೇ ಪಾಠ ಅಂತ."

ಕದಿರಪ್ಪ ಉರುಳಿಬಿದ್ದ ಕಾಳೊಂದನ್ನು ಹೆಕ್ಕಿ ಮೊರಕ್ಕೆ ಹಾಕಿದ.

"ಚನ್ನರಾಯಪ್ಪ ಹೊಟ್ಟೆ ಹಿಡ್ಕೊಂಡಾಗ ನಿನ್ನ ಮುಖ ನೋಡಿದೆ" ಎಂದಳು. "ಹೊಟ್ಟೆಗಾ?"

"ಹೂಂ."

"ಎಷ್ಟೊತ್ತು?"

"ಹೊತ್ತು ಮುಳುಗೋವರೆಗೂ."

ಅವಳ ಕೈ ಕಾಳಿನ ಮೇಲೆ ನಿಂತಿತು.

"ನೀರು ಕೇಳಿರ್ತಾನೆ. ರಕ್ತ ಹೋದ ಜೀವ ನೀರು ಕೇಳ್ತದೆ. ಅವನನ್ನ ಹಡೆದಾಗ ನಾನೂ ಕೇಳಿದ್ದೆ."

"ಕೇಳಿದ."

"ಕೊಟ್ಟೆಯಾ?"

"ಇಲ್ಲ ದೊಡ್ಡಮ್ಮ."

"ಎಷ್ಟು ದೂರದಲ್ಲಿದ್ದೆ?"

ಕದಿರಪ್ಪ ಸುತ್ತ ನೋಡಿದ. ಬೀದಿಯ ತುದಿಯಲ್ಲಿ ಸೇದುವ ಬಾವಿಯ ಪಕ್ಕ ಹುಣಸೆ ಮರ ಇತ್ತು. ಕೈ ತೋರಿಸಿದ. ಅವಳು ಆ ಮರವನ್ನು ಬಹಳ ಹೊತ್ತು ನೋಡಿದಳು. ಮೆಷಿನ್‌ಗನ್ನಿನ ವಿಷಯ ಹೇಳಬೇಕೆಂದು ಅವನು ಬಾಯಿ ತೆರೆದ. ಅವಳು ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ಮತ್ತೆ ಶೂಟಿಂಗಿಗೆ ಹೋಗಲಿಲ್ಲ. ಉಳಿದ ಸಾವುಗಳನ್ನು ಚನ್ನರಾಯಪ್ಪ ಕಲಿಸಿದನಂತೆ. ಡೈರೆಕ್ಟರಿಗೆ ಬಹಳ ಹಿಡಿಸಿತಂತೆ.

ಆಮೇಲಿನ ದಿನಗಳು ಹೇಗೆ ಕಳೆದವೆಂದು ಆಂಜಿನಮ್ಮನನ್ನೇ ಕೇಳಬೇಕು. ಹುಳು ಪೊರೆ ಬಿಡುವ ನಾಲ್ಕನೆಯ ಜ್ವರಕ್ಕೆ ಮೇವು ಬಿಟ್ಟು ಕೂತಿದ್ದಾಗ ಸೊಪ್ಪು ಹಾಕಿ, ಎದ್ದಮೇಲೆ ಹಾಕುವುದನ್ನು ಮರೆತ. ಅರ್ಧ ತಟ್ಟೆಗಳ ಹುಳು ಹಾಳಾದವು. ಎದುರಿನಿಂದ ಅಕ್ಕಯಮ್ಮ ಬರುವುದು ಕಂಡರೆ ಬೇಲಿ ಹಾರಿ ತೋಟಕ್ಕೆ ಇಳಿದ, ಆ ಕಾಲಿನಲ್ಲಿ. ಅಮಾವಾಸ್ಯೆಗೆ ಎರಡು ದಿನ ಇರುವಾಗ ಬೆಳಗಿನಿಂದ ಬಾಗಿಲಲ್ಲೇ ಕೂತ. ಅವಳು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ.

"ಕರೀದಿದ್ರೆ ಬಿಡು" ಎಂದಳು ಆಂಜಿನಮ್ಮ. "ನಮ್ಮನೇಲೂ ಎಡೆ ಇದೆ. ನಿಮ್ಮಪ್ಪನೂ ಸತ್ತಿದಾನೆ."

ಅಮಾವಾಸ್ಯೆಯ ಮಧ್ಯಾಹ್ನ ಮನೆಯ ಎಡೆ ಮುಗಿಸಿ ಅವನು ಇನ್ನೂ ಉಂಡಿರಲಿಲ್ಲ. ಹೊರಗೆ ಅಕ್ಕಯಮ್ಮನ ದನಿ ಕೇಳಿಸಿತು.

"ಎಲೆ ಆರ್ತಾ ಇದೆ. ಬರ್ತೀಯೋ ಇಲ್ವೋ?"

ಅವಳ ಹಿಂದೆ ಹೋದ. ಎಲೆಯ ಮೇಲೆ ಎಲ್ಲ ಇತ್ತು, ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು. ಪಕ್ಕದಲ್ಲಿ ತೊಳೆದಿಟ್ಟ ಹಿತ್ತಾಳೆ ಚೊಂಬು ಖಾಲಿ. ಅವಳು ಅದನ್ನೂ ಹಗ್ಗ ಕಟ್ಟಿದ ಬಿಂದಿಗೆಯನ್ನೂ ಅವನ ಕೈಗೆ ಕೊಟ್ಟಳು.

"ತಗೊಂಡ್ ಬಾ."

ಹುಣಸೆ ಮರದವರೆಗೆ ಅವನು ನಡೆದ. ಸೇದಿ, ಚೊಂಬು ತುಂಬಿಸಿ, ಮರಳಿ ನಡೆದ. ಬೀದಿಯ ಜನ ನೋಡಿದರು. ಎಡೆಯ ನೀರನ್ನು ಹೊರಗಿನವರಿಂದ ತರಿಸುವ ವಾಡಿಕೆ ಅಲ್ಲಿಲ್ಲ. ದಾರಿಯುದ್ದಕ್ಕೂ ಕುಂಟುವ ಕಾಲಿಗೆ ತುಳುಕಿ ಅರ್ಧದಷ್ಟು ಚೆಲ್ಲಿತು. ಎಲೆಯ ಪಕ್ಕ ಇಟ್ಟ. ಅಕ್ಕಯಮ್ಮ ಬಗ್ಗಿ ಚೊಂಬಿನೊಳಗೆ ನೋಡಿದಳು.

"ಇದು ಸಾಲಲ್ಲ. ಇನ್ನೊಂದು ಸಲ ಹೋಗು."

ಅವನು ಹೋಗಿ ತಂದ. ಆಮೇಲೆ ಅವನ ಎಲೆಗೆ ಬಡಿಸಿದಳು. ಹೆಂಗೋದ ಎಂದು ಕೇಳಲಿಲ್ಲ. ಆ ವರ್ಷವೂ ಇಲ್ಲ, ಮುಂದೆ ಯಾವತ್ತೂ ಇಲ್ಲ.

ಪಿಕ್ಚರು ಮುಳಬಾಗಿಲಿಗೆ ಬಂದಾಗ ಊರವರೆಲ್ಲ ಬಸ್ಸು ಹತ್ತಿ ಹೋಗಿ ತಮ್ಮ ಸಾವು ನೋಡಿಬಂದರು. ಈ ಇಬ್ಬರು ಹೋಗಲಿಲ್ಲ. ಎಂಬತ್ತಮೂರರಲ್ಲಿ ಸರ್ಕಾರದವರು ಬೋರಿಂಗು ಹಾಕಿಸಿದ್ದು ಅಕ್ಕಯಮ್ಮನ ಬಾಗಿಲೆದುರಿಗೇ; ನಾಲ್ಕು ಸಲ ಒತ್ತಿದರೆ ಚೊಂಬು ತುಂಬುತ್ತಿತ್ತು. ಅಮಾವಾಸ್ಯೆಯ ದಿನ ಕದಿರಪ್ಪ ಚೊಂಬು ಹಿಡಿದು ಅತ್ತ ತಿರುಗಿದಾಗ ಅವಳು ಒಳಗಿನಿಂದಲೇ ಹೇಳಿದಳು: "ಅದಲ್ಲ. ಬಾವೀದು ತಾ."